ಕತ್ತಿ ಏಟು ಬಿದ್ದ ಫುಟ್‌ಬಾಲ್ ಹೊಲಿಯೋದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಎಲ್ಲ ಚೆಂಡನ್ನೂ ಹೊಲಿಯಲು ಆಗುವುದಿಲ್ಲ. ಚೆಂಡಿನಲ್ಲಿ ಎರಡು ತುಂಡು ಸೇರುವ ಜಾಗವನ್ನು ಎರಡೂ ಹೆಬ್ಬೆರಳಿನಿಂದ ಅಗಲಿಸಿ ನೋಡಿ. ಒಳಗೆ ದಾರ ಕಂಡರೆ ಬಚಾವ್. ದಾರವೇ ಇಲ್ಲದೆ ಬರೀ ಗೆರೆ ಇದ್ದರೆ ಅದು ಬಿಸಿಯಲ್ಲಿ ಅಂಟಿಸಿದ ಚೆಂಡು. 2006ರ ವಿಶ್ವಕಪ್ಪಿನ ಚೆಂಡು ಹಾಗೆ ಅಂಟಿಸಿದ್ದೇ, ಆಮೇಲೆ ದುಬಾರಿ ಚೆಂಡುಗಳು ಹೆಚ್ಚಾಗಿ ಆ ದಾರಿ ಹಿಡಿದವು. ಅದನ್ನು ಬಿಚ್ಚಿದರೆ ಮತ್ತೆ ಮನೆಯಲ್ಲಿ ಸೇರಿಸಲು ಆಗದು. ಇಡೀ ರಬ್ಬರಿನ, ಅಚ್ಚಿನಲ್ಲಿ ಮಾಡಿದ ಚೆಂಡಾದರೆ ಅದಕ್ಕೆ ಹೊಲಿಗೆಯೇ ಇರುವುದಿಲ್ಲ, ಬಿಟ್ಟುಬಿಡಿ.

ನಾನು ಹೇಳುತ್ತಿರುವುದು ಹಳೇ ನಮೂನೆಯ ಕಪ್ಪು ಬಿಳಿ ಚೆಂಡಿನ ಬಗ್ಗೆ. 32 ತುಂಡು. ಐದು ಮೂಲೆಯವು 12, ಆರು ಮೂಲೆಯವು 20. 1970ರ ಮೆಕ್ಸಿಕೋ ವಿಶ್ವಕಪ್ಪಿನಲ್ಲಿ ಟೆಲ್‌ಸ್ಟಾರ್ ಅಂತ ಬಂದಿತ್ತಲ್ಲ, ಅದೇ ಲೆಕ್ಕ. ಕೂತು ಎಣಿಸಿದರೆ 90 ಕಡೆ ಅಂಚಿಗೆ ಅಂಚು ಸೇರುತ್ತದೆ. ಜಲಂಧರ್, ಮೀರತ್ ಕಡೆಯಿಂದ ಬರುವ ಸಾಧಾರಣ ಬೆಲೆಯ ಚೆಂಡುಗಳಲ್ಲಿ ಈಗಲೂ ಇದೇ ನಮೂನೆ ಸಿಗುತ್ತದೆ. ನಾನು ಎಣಿಸಿದ್ದು ಹನ್ನೆರಡನೇ ವಯಸ್ಸಿನಲ್ಲಿ, ನಮ್ಮಪ್ಪ ನನ್ನ ಚೆಂಡಿಗೆ ಕತ್ತಿ ಹಾಕಿದ ಮೇಲೆ.

ಚಿಕ್ಕಮಗಳೂರಿನ ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ಅಪ್ಪ ರೈಟರ್ ಆಗಿದ್ದರು. ತೋಟದ ರೈಟರ್ ಅಂದರೆ ಗೊತ್ತಲ್ಲ, ಸಾಹುಕಾರ್ರಿಗೆ ಆಳು, ಆಳುಗಳಿಗೆ ಸಾಹುಕಾರ. ಎರಡೂ ಕಡೆಯ ಬೈಗುಳ ಅವರಿಗೇ. ಆ ಬೈಗುಳವನ್ನು ಮನೆಗೆ ತಂದು ನಮಗೆ ಹಂಚುತ್ತಿದ್ದರು. ವಾಲಿಬಾಲ್ ಅಂದರೆ ಅವರಿಗೆ ಇಷ್ಟ. ನಮ್ಮ ಕಡೆ ಬೇಸಿಗೆಯಲ್ಲಿ ಲೈಟ್ ಹಾಕಿ ರಾತ್ರಿಯಿಡೀ ಟೂರ್ನಮೆಂಟ್ ನಡೆಯುತ್ತದಲ್ಲ, ಅಲ್ಲಿ ಸ್ಕೋರ್ ಬರೆಯಲು ಕೂರುತ್ತಿದ್ದರು. ಫುಟ್‌ಬಾಲ್ ಅಂದರೆ ಮಾತ್ರ, "ಕಾಲಲ್ಲಿ ಒದೆಯೋದೂ ಒಂದು ಆಟನಾ? ದನನೂ ಒದೆಯತ್ತೆ."

2002ರ ಜೂನ್. ಜಪಾನು, ಕೊರಿಯಾದಲ್ಲಿ ವಿಶ್ವಕಪ್. ಆ ಸಲ ಮ್ಯಾಚ್‌ಗಳು ನಮ್ಮ ಹಗಲು ಹೊತ್ತಿನಲ್ಲೇ ಬರುತ್ತಿದ್ದವು, ಫೈನಲ್ ಭಾನುವಾರ ಸಂಜೆ ನಾಲ್ಕೂವರೆಗೆ. ಹೊರಗೆ ಜಡಿಮಳೆ. ಪಕ್ಕದ ತೋಟದಲ್ಲಿ ಡಿಶ್ ಇದ್ದ ಒಂದು ಮನೆಯ ಕಿಟಕಿಗೆ ನಾವು ಒಂಬತ್ತು ಹುಡುಗರು ಕಂಬಳಿಕೊಪ್ಪೆ ಹಾಕಿಕೊಂಡು ನೇತುಬಿದ್ದಿದ್ದೆವು. ಬ್ರೆಜಿಲ್‌ನ ರೊನಾಲ್ಡೋ ಜರ್ಮನಿಗೆ ಎರಡು ಗೋಲು ಹೊಡೆದ. ತಲೆ ಪೂರ್ತಿ ಬೋಳಿಸಿ ಹಣೆಯ ಮೇಲೆ ಮಾತ್ರ ಒಂದು ತುಂಡು ಕೂದಲು ಬಿಟ್ಟಿದ್ದನಲ್ಲ, ಮಾರನೇ ದಿನ ನಾನೂ ಹಾಗೇ ಮಾಡಿಕೊಂಡೆ. ಅಪ್ಪ ಅವತ್ತು ರಾತ್ರಿ ಲಾಟೀನು ಹತ್ತಿರ ಹಿಡಿದು ನನ್ನ ತಲೆಯನ್ನು ಒಂದು ನಿಮಿಷ ನೋಡಿದರು. ಬೆಳಿಗ್ಗೆ ಕೈ ಹಿಡಿದು ಆಲ್ದೂರಿಗೆ ಎಳಕೊಂಡು ಹೋಗಿ ಉಳಿದಿದ್ದನ್ನೂ ತೆಗೆಸಿದರು. ದುಡ್ಡು ಕೊಡುವಾಗ ಕ್ಷೌರದವರ ಹತ್ತಿರ ಚೌಕಾಸಿ ಬೇರೆ, ಸ್ವಲ್ಪವೇ ಕೂದಲಿತ್ತು ಅಂತ.

ಇರಲಿ, ಚೆಂಡಿನ ವಿಷಯ.

ಬೇಕಾದ ಸಾಮಾನು ಹೇಳುತ್ತೇನೆ. ಚಪ್ಪಲಿ ಹೊಲಿಯುವವರ ಹತ್ತಿರ ಸಿಗುವ ದಪ್ಪ ನೈಲಾನ್ ದಾರ, ಒಂದು ಮಾರು ಸಾಕು. ಅಷ್ಟೇ ದಪ್ಪದ ದಾರ ಹೋಗುವಂಥ ಗಟ್ಟಿ ಸೂಜಿ ಎರಡು. ಎರಡು, ಒಂದಲ್ಲ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಜೇನುಮೇಣ ಒಂದು ಚೂರು. ಹೊಸ ಬ್ಲೇಡು, ಬಾಲ್‌ಪೆನ್ನು, ಸೈಕಲ್ ಪಂಚರ್ ಹಾಕುವ ಸಲ್ಯೂಷನ್ನು ಮತ್ತು ಪ್ಯಾಚು, ಉಪ್ಪುಕಾಗದ, ಸ್ವಲ್ಪ ಪೌಡರು, ಬಕೆಟ್ಟು ನೀರು, ಮತ್ತೆ ಒಂದು ಹಳೇ ಸ್ಟೀಲ್ ಚಮಚ. ಚಮಚ ಮರೆಯಬೇಡಿ.

ಬಿಚ್ಚುವ ಮೊದಲು ನಿಜವಾಗಿ ಒಳಗೇ ಪಂಚರ್ ಆಗಿದೆಯಾ ನೋಡಿ. ಗಾಳಿ ತುಂಬಿ ವಾಲ್ವ್ ಮೇಲೆ ಒಂದು ಹನಿ ಎಂಜಲು ಹಚ್ಚಿ. ಗುಳ್ಳೆ ಬಂದರೆ ವಾಲ್ವ್‌ನದೇ ತೊಂದರೆ. ಪಂಪ್ ಸೂಜಿಗೆ ಒಂದು ಹನಿ ಗ್ಲಿಸರಿನ್ ಹಚ್ಚಿ ಎರಡು ಮೂರು ಸಲ ಒಳಗೆ ಹೊರಗೆ ಮಾಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಎಣ್ಣೆಗೆ ರಬ್ಬರು ಮೆತ್ತಗಾಗಿ ಕೆಡುತ್ತದೆ. ನಾನು ಹಚ್ಚಿ ಒಂದು ವಾಲ್ವ್ ಕಳಕೊಂಡಿದ್ದೇನೆ. ಇನ್ನು ಒಣ ಸೂಜಿಯನ್ನು ಹಾಗೇ ತುರುಕುವುದಂತೂ ಬೇಡವೇ ಬೇಡ, ಅರ್ಧಕ್ಕರ್ಧ ಚೆಂಡುಗಳು ಸಾಯುವುದು ಅದರಿಂದಲೇ ಅಂತ ನನ್ನ ಅನಿಸಿಕೆ.

ನನ್ನ ಚೆಂಡಿಗೆ ಈ ಪರೀಕ್ಷೆ ಏನೂ ಬೇಕಿರಲಿಲ್ಲ. ಕತ್ತಿ ಏಟು ಎರಡು ತುಂಡು ದಾಟಿ ಒಳಗಿನ ಬ್ಲಾಡರ್, ಅಂದರೆ ಗಾಳಿ ತುಂಬುವ ರಬ್ಬರ್ ಚೀಲವನ್ನೂ ಸೀಳಿತ್ತು.

ಆಗಿದ್ದು ಇಷ್ಟು. ಮಳೆಗಾಲದಲ್ಲಿ ಕಾಫಿ ಕಣ ಖಾಲಿ ಇರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅದೇ ನಮ್ಮ ಸ್ಟೇಡಿಯಂ, ಕೂಲಿಯವರ ಸಾಲುಮನೆಯ, ಅಂದರೆ ಲೈನ್ ಮನೆಯ ತಮಿಳು ಹುಡುಗರು, ಮಲಯಾಳಿ ಹುಡುಗರು, ನಾನು, ಎಲ್ಲ ಚಂದಾ ಹಾಕಿ ಪೇಟೆಯಿಂದ ತಂದಿದ್ದ ಒಂದು ಚೆಂಡು. ನವೆಂಬರ್‌ಗೆ ಅರೇಬಿಕಾ ಕೊಯ್ಲು ಶುರುವಾದರೆ ಕಣ ನಮ್ಮದಲ್ಲ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನಿಂದ ಬಂದು ತೊಳೆದ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಇರುವ ಕಾಫಿ ಬೀಜ, ಹರಡಿರುತ್ತದೆ, ಹಸಿ ಹಸಿ, ಬಿಸಿಲಿಗೆ ಬೆಳ್ಳಗೆ ಹೊಳೀತಾ. ಆಗಾಗ ಕೈಯಾಡಿಸಬೇಕು, ಸಂಜೆ ರಾಶಿ ಮಾಡಿ ಟಾರ್ಪಾಲು ಮುಚ್ಚಬೇಕು. ನಾವು ಕಣದ ಪಕ್ಕದ ಇಳಿಜಾರಿನಲ್ಲಿ ಆಡುತ್ತಿದ್ದೆವು. ನಾನು ಒದ್ದೆ. ಕೆಸರು ಮೆತ್ತಿದ ಚೆಂಡು ಪಾರ್ಚ್‌ಮೆಂಟ್ ಮಧ್ಯೆ ಉದ್ದಕ್ಕೆ ಉರುಳಿಕೊಂಡು ಹೋಯಿತು. ಅಷ್ಟಾಗಿದ್ದರೆ ಪರವಾಗಿರಲಿಲ್ಲ. ನಾನು ಅದರ ಹಿಂದೆಯೇ ಓಡಿದೆ, ಕೆಸರು ಕಾಲಲ್ಲಿ, ಬಿಳೀ ಬೀಜದ ಮೇಲೆ, ಆ ತುದಿಯಿಂದ ಈ ತುದಿಗೆ. ತಲೆಯೆತ್ತಿ ನೋಡಿದರೆ ಸಾಹುಕಾರ್ರ ಜೀಪು ನಿಂತಿದೆ.

ಅಪ್ಪನಿಗೆ ಆಳುಗಳ ಮುಂದೆಯೇ ಬೈದರು. ಅಪ್ಪ ಕೈಕಟ್ಟಿ ನಿಂತಿದ್ದರು. ನನಗೆ ಏನೂ ಅನ್ನಲಿಲ್ಲ, ಹೊಡೆಯಲೂ ಇಲ್ಲ, ಅದೇ ಆಶ್ಚರ್ಯ, ಯಾಕಂದ್ರೆ ಹೊಡೆಯುವುದರಲ್ಲಿ ಅವರು ಜಿಪುಣರಲ್ಲ. ಸಂಜೆ ಆಳುಗಳ ಹಾಜರಿಯ ಮಸ್ಟರ್ ಬರೆದು ಮುಗಿಸಿದರು. ಗೋಡೆಯ ಮೊಳೆಯಿಂದ ಕತ್ತಿ ತೆಗೆದರು. ಸೌದೆ ಕಡಿಯುವ ಕೊರಡಿನ ಮೇಲೆ ಚೆಂಡಿಟ್ಟು ಒಂದೇ ಏಟು. ಕತ್ತಿಯನ್ನು ಒರೆಸಿ ಮತ್ತೆ ಅದೇ ಮೊಳೆಗೆ ಸಿಕ್ಕಿಸಿ, ಕೈತೊಳೆದು ಊಟಕ್ಕೆ ಕೂತರು. ಅಮ್ಮ ಬಡಿಸಿದರು. ಸಾರಿಗೆ ಉಪ್ಪು ಕಮ್ಮಿ ಅಂದರು.

ಈಗ ಬಿಚ್ಚುವ ಕೆಲಸ. ಮೊದಲು ಗಾಳಿ ಪೂರ್ತಿ ತೆಗೆಯಿರಿ. ವಾಲ್ವ್ ಇರುವ ತುಂಡಿನ ಪಕ್ಕದ ಹೊಲಿಗೆಯನ್ನು ಆರಿಸಿಕೊಳ್ಳಿ, ಯಾಕಂದ್ರೆ ಬ್ಲಾಡರ್ ಅಂಟಿಕೊಂಡಿರುವುದು ಅಲ್ಲಿ, ಬೆರಳು ಹೋಗಬೇಕಾದ್ದು ಅಲ್ಲಿಗೆ. 5ನೇ ಸೈಜಿನ, ಅಂದರೆ ದೊಡ್ಡವರು ಆಡುವ ಚೆಂಡಿನಲ್ಲಿ ಒಂದೊಂದು ಅಂಚು ಸುಮಾರು ನಾಲ್ಕೂವರೆ ಸೆಂಟಿಮೀಟರ್ ಇರುತ್ತದೆ, ಅಂಥ ಮೂರು ಅಂಚು ಬಿಚ್ಚಿದರೆ ಬೇಕಾದಷ್ಟಾಯಿತು. ಬ್ಲೇಡು ಇಡುವ ಮೊದಲು ಪೆನ್ನಿನಿಂದ ಹೊಲಿಗೆಗೆ ಅಡ್ಡವಾಗಿ ಸಣ್ಣ ಸಣ್ಣ ಗೆರೆ ಎಳೆಯಿರಿ. ಮತ್ತೆ ಹೊಲಿಯುವಾಗ ಈ ಕಡೆಯ ಗೆರೆ ಆ ಕಡೆಯ ಗೆರೆಗೆ ಸೇರಬೇಕು. ಇದನ್ನು ಮಾಡದೆ ಹೊಲಿದರೆ ಕೊನೆಗೆ ಒಂದು ತೂತು ಹೆಚ್ಚು ಉಳಿದು ಚೆಂಡು ಸೊಟ್ಟ ಮೂತಿಯದಾಗುತ್ತದೆ. ಮಧ್ಯದಲ್ಲಿ ದಾರ ಕತ್ತರಿಸಿ ಎರಡೂ ಕಡೆಗೆ ಒಂದೊಂದೇ ತೂತಿನಿಂದ ಎಳೆದು ಬಿಡಿಸುತ್ತಾ ಹೋಗಿ. ಹಳೇ ದಾರದ ತುದಿಗಳನ್ನು ಕತ್ತರಿಸಿ ಎಸೆಯಬೇಡಿ, ಎರಡೂ ತುದಿಗೆ ಒಂದೊಂದು ಗಂಟು ಹಾಕಿ. ಇಲ್ಲದಿದ್ದರೆ ನೀವು ಈ ಕಡೆ ಹೊಲಿಯುತ್ತಿರುವಾಗ ಆ ಕಡೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಬ್ಲಾಡರನ್ನು ನಿಧಾನ ಹೊರಗೆಳೆಯಿರಿ. ತೂತು ವಾಲ್ವ್‌ನಿಂದ ದೂರ ಇದ್ದರೆ ವಾಲ್ವ್ ಕೀಳುವ ಅಗತ್ಯವೇ ಇಲ್ಲ. ಅದಕ್ಕೆ ಸ್ವಲ್ಪವೇ ಗಾಳಿ ಹಾಕಿ ನೀರಿನಲ್ಲಿ ಅದ್ದಿ, ಗುಳ್ಳೆ ಬಂದ ಜಾಗಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿ, ಒಣಗಿಸಿ. ಇನ್ನು ಮುಂದಿನದು ಸೈಕಲ್ ಟ್ಯೂಬಿನ ಕೆಲಸವೇ. ಉಪ್ಪುಕಾಗದದಿಂದ ಉಜ್ಜಿ, ಪ್ಯಾಚಿಗಿಂತ ಸ್ವಲ್ಪ ಅಗಲಕ್ಕೆ ಸಲ್ಯೂಷನ್ ತೆಳ್ಳಗೆ ಸವರಿ, ಐದು ನಿಮಿಷ ಸುಮ್ನೆ ಕೂತ್ಕೊಳ್ಳಿ. ಬೆರಳಿಟ್ಟರೆ ಅಂಟಬಾರದು, ಅಷ್ಟು ಆರಬೇಕು. ಆಮೇಲೆ ಪ್ಯಾಚ್ ಒತ್ತಿ ಚಮಚದ ಬೆನ್ನಿನಿಂದ ಉಜ್ಜಿ, ಮೇಲೆ ಪೌಡರ್ ಹಾಕಿ, ಇಲ್ಲದಿದ್ದರೆ ಒಳಗೆ ಹೋಗಿ ಚೆಂಡಿನ ಒಳಪದರದ ಬಟ್ಟೆಗೆ ಅಂಟಿಕೊಳ್ಳುತ್ತದೆ. ಬೇಗ ಆರಲಿ ಅಂತ ಬಚ್ಚಲು ಒಲೆಯ ಹತ್ತಿರ ಇಡಬೇಡಿ. ನಮ್ಮ ಮಲೆನಾಡಿನಲ್ಲಿ ಚಡ್ಡಿಯಿಂದ ಹಿಡಿದು ಪುಸ್ತಕದವರೆಗೆ ಎಲ್ಲ ಒಣಗುವುದು ಅಲ್ಲೇ, ಆದರೆ ರಬ್ಬರಿಗೆ ಅದು ಆಗಿಬರುವುದಿಲ್ಲ. ಒಂದು ಬ್ಲಾಡರ್ ನನಗೆ ಹಪ್ಪಳವಾಗಿ ವಾಪಸ್ ಸಿಕ್ಕಿತು.

ಬ್ಲಾಡರ್ ಉದ್ದಕ್ಕೆ ಸೀಳಿದ್ದರೆ ಪ್ಯಾಚಿನ ಆಸೆ ಬಿಟ್ಟು ಹೊಸದು ತನ್ನಿ. ಚಿಕ್ಕಮಗಳೂರಿನ ಅಂಗಡಿಯಲ್ಲಿ ಅವತ್ತು ನನಗೆ ಸಿಕ್ಕಿದ್ದು ವಾಲಿಬಾಲಿನದು. ಫುಟ್‌ಬಾಲಿನ ಸುತ್ತಳತೆ 68ರಿಂದ 70 ಸೆಂಟಿಮೀಟರ್, ವಾಲಿಬಾಲಿನದು 65ರಿಂದ 67. ರಬ್ಬರಲ್ವಾ, ಹಿಗ್ಗಿತು, ಒಂದು ವರ್ಷ ಬಂತು. ಅಪ್ಪನ ಇಷ್ಟದ ಆಟ ನನ್ನ ಚೆಂಡಿನ ಹೊಟ್ಟೆಯೊಳಗಿದೆ ಅಂತ ಯಾರಿಗೂ ಹೇಳಲಿಲ್ಲ. ಅಂಗಡಿಯಲ್ಲಿ ಎರಡು ನಮೂನೆಯ ರಬ್ಬರಿನ ಬ್ಲಾಡರ್ ಸಿಗಬಹುದು. ಬ್ಯುಟೈಲ್ ಆದರೆ ಗಾಳಿ ಜಾಸ್ತಿ ದಿನ ನಿಲ್ಲುತ್ತದೆ. ಲೇಟೆಕ್ಸ್ ಒದೆಯಲು ಮೆತ್ತಗೆ, ಆದರೆ ಎರಡು ಮೂರು ದಿನಕ್ಕೊಮ್ಮೆ ಪಂಪ್ ಹಿಡಿಯಬೇಕು. ಮಕ್ಕಳಿಗಾದರೆ ಬ್ಯುಟೈಲ್ ತಗೊಳ್ಳಿ.

ಮೇಲಿನ ತುಂಡೇ ಸೀಳಿದ್ದರೆ ಅದಕ್ಕೆ ಒಳಗಡೆಯಿಂದ ಒಂದು ತೇಪೆ ಬೇಕು. ಹಳೇ ಬ್ಯಾಗಿನ ರೆಕ್ಸಿನ್ ಸಾಕು. ಸೀಳಿಗಿಂತ ಎರಡು ಬೆರಳು ಅಗಲ ಕತ್ತರಿಸಿ, ಚಪ್ಪಲಿಗೆ ಹಾಕುವ ಗೋಂದಿನಿಂದ ಒಳಗೆ ಅಂಟಿಸಿ, ಒಂದು ರಾತ್ರಿ ಬಿಟ್ಟು ಆಮೇಲೆ ಸೀಳನ್ನು ಹೊಲಿಯಿರಿ. ಬ್ಲಾಡರ್ ಒಳಗೆ ಹಾಕುವ ಮೊದಲೇ ಇದೆಲ್ಲ ಮುಗಿದಿರಬೇಕು. ಸೀಳಿದ ಕಡೆ ಚೆಂಡು ಯಾವತ್ತೂ ಒಂದು ಗುಲಗಂಜಿ ಭಾರ ಜಾಸ್ತಿಯೇ, ಗಾಳಿಯಲ್ಲಿ ಸ್ವಲ್ಪ ವಾಲುತ್ತದೆ. ನಮ್ಮ ಹುಡುಗರಿಗೆ ಅದೇ ಅನುಕೂಲವಾಗಿ, ಸೀಳಿನ ಕಡೆಗೇ ಒದ್ದು ಚೆಂಡು ತಿರುಗಿಸಲು ಕಲಿತಿದ್ದರು.

ಈಗ ಮುಖ್ಯವಾದದ್ದು, ಹೊಲಿಗೆ.

ನಾನು ಮೊದಲ ಸಲ ಹೊಲಿದದ್ದು ಗೋಡೌನಿನಿಂದ ಕದ್ದ ದಬ್ಬಳದಲ್ಲಿ. ಕಾಫಿ ಮೂಟೆ ಕ್ಯೂರಿಂಗ್ ಕಾರ್ಖಾನೆಗೆ ಹೋಗುವ ಮೊದಲು ಬಾಯಿ ಹೊಲಿಯುತ್ತಾರಲ್ಲ, ಆ ದಬ್ಬಳ, ಆ ಹುರಿ. ಹೊಲಿದದ್ದೂ ಮೂಟೆ ಹೊಲಿದ ಹಾಗೇ, ಒಂದು ಕಡೆ ಚುಚ್ಚಿ, ಅಂಚಿನ ಮೇಲಿಂದ ಸುತ್ತಿ, ಮತ್ತೆ ಅದೇ ಕಡೆಯಿಂದ ಚುಚ್ಚಿ. ಮೂರು ಸಂಜೆ ಹಿಡಿಯಿತು. ಸೌದೆ ಕೊಟ್ಟಿಗೆಯಲ್ಲಿ ಅಡಗಿಸಿಟ್ಟಿದ್ದೆ. ಅಪ್ಪನಿಗೆ ಸಿಕ್ಕಿತು, ಸಿಗದೆ ಇರುತ್ತಾ, ಸೌದೆ ಲೆಕ್ಕ ಇಡುವ ಮನುಷ್ಯ. ಚೆಂಡನ್ನು ಕೈಯಲ್ಲಿ ಹಿಡಿದು ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದರು. ಈ ತುದಿಯಿಂದ ಆ ತುದಿಗೆ ಒಂದು ಸಲ, ವಾಪಸ್ ಒಂದು ಸಲ. ನಾನು ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆ.

"ಇದು ಮೂಟೆ ಹೊಲಿಗೆ," ಅಂದರು. "ಚೆಂಡಿಗೆ ಬರಲ್ಲ." ಚೆಂಡನ್ನು ಸೌದೆ ಮೇಲೆ ಎಸೆದು ಹೋದರು. ದಬ್ಬಳ ಮಾತ್ರ ತಗೊಂಡು ಹೋದರು.

ಚೆಂಡಿಗೆ ಬರುವ ಹೊಲಿಗೆ ಯಾವುದು ಅಂತ ಅವರು ಹೇಳಲಿಲ್ಲ, ಅವರಿಗೂ ಗೊತ್ತಿರಲಿಕ್ಕಿಲ್ಲ. ಆದರೆ ಹೇಳಿದಷ್ಟು ಸರಿಯಾಗಿತ್ತು. ಮೂಟೆ ಹೊಲಿಗೆಯಲ್ಲಿ ದಾರ ಅಂಚಿನ ಹೊರಗೆ ಬರುತ್ತದೆ. ಅಂಚು ಏಣಿನ ಹಾಗೆ ಎದ್ದು ನಿಲ್ಲುತ್ತದೆ, ಚೆಂಡು ಉರುಳುವಾಗ ಕುಪ್ಪಳಿಸುತ್ತದೆ, ಹೊರಗಿರುವ ದಾರ ಕಲ್ಲಿಗೆ ಉಜ್ಜಿ ಸವೆಯುತ್ತದೆ. ಒಂದು ಕಡೆ ತುಂಡಾದರೆ ಇಡೀ ಸಾಲು ಸರಸರ ಅಂತ ಬಿಚ್ಚಿಕೊಳ್ಳುತ್ತದೆ. ನನ್ನದು ನಾಲ್ಕನೇ ದಿನಕ್ಕೆ ಬಿಚ್ಚಿಕೊಂಡಿತು.

ಸರಿಯಾದದ್ದನ್ನು ನಾನು ಕಲಿತದ್ದು ಪೇಟೆಯಲ್ಲಿ, ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುತ್ತಿದ್ದ ಒಬ್ಬರು ಅಜ್ಜನ ಪಕ್ಕ ಕೂತು. ಒಂದೇ ದಾರ, ಎರಡೂ ತುದಿಗೆ ಒಂದೊಂದು ಸೂಜಿ. ದಾರಕ್ಕೆ ಮೇಣ ಉಜ್ಜಿಕೊಳ್ಳಿ, ಎಳೆದರೆ ಸರಕ್ಕನೆ ಬರುತ್ತದೆ, ನೀರೂ ಕುಡಿಯುವುದಿಲ್ಲ. ಬ್ಲಾಡರನ್ನು ಮಡಚಿ ಒಳಗೆ ಹಾಕಿ, ವಾಲ್ವ್ ತೂತಿಗೆ ಸೇರಿಸಿ, ಸ್ವಲ್ಪ ಗಾಳಿ ಹಾಕಿ ಸುಕ್ಕು ಬಿಡಿಸಿ, ಮತ್ತೆ ಗಾಳಿ ತೆಗೆಯಿರಿ. ಈಗ ಆ ಚಮಚವನ್ನು ಹೊಲಿಗೆಯ ಕೆಳಗೆ ಬ್ಲಾಡರ್ ಮೇಲೆ ತೂರಿಸಿ. ಸೂಜಿ ಜಾರಿದರೆ ಚಮಚಕ್ಕೆ ತಾಗಬೇಕು, ಬ್ಲಾಡರಿಗಲ್ಲ. ಒಂದೊಂದು ಹೊಲಿಗೆ ಮುಗಿದ ಹಾಗೆ ಚಮಚವನ್ನೂ ಮುಂದೆ ಸರಿಸುತ್ತಾ ಬನ್ನಿ.

ಎರಡೂ ತುಂಡಿನ ಅಂಚನ್ನು ಒಳಕ್ಕೆ ಮಡಚಿ, ಬೆನ್ನಿಗೆ ಬೆನ್ನು ಕೊಟ್ಟ ಹಾಗೆ ಒತ್ತಿ ಹಿಡಿಯಿರಿ. ಹಳೇ ತೂತುಗಳು ಎದುರುಬದುರು ಬರಬೇಕು, ಪೆನ್ನಿನ ಗೆರೆ ಈಗ ಉಪಯೋಗಕ್ಕೆ ಬರುತ್ತದೆ. ಎಡಗಡೆಯ ಸೂಜಿ ಆ ತೂತಿನಿಂದ ಬಲಕ್ಕೆ ಬರಲಿ, ಬಲಗಡೆಯದು ಅದೇ ತೂತಿನಿಂದ ಎಡಕ್ಕೆ ಹೋಗಲಿ. ಎರಡೂ ತುದಿ ಎರಡು ಕೈಯಲ್ಲಿ ಹಿಡಿದು ಬಿಗಿಯಾಗಿ ಎಳೆಯಿರಿ. ಸರಿಯಾಗಿದ್ದರೆ ದಾರ ಒಳಗೆ ಮುಳುಗಿ ಕಾಣದಾಗುತ್ತದೆ, ಎರಡು ತುಂಡು ತುಟಿ ಮುಚ್ಚಿದ ಹಾಗೆ ಮುಚ್ಚಿಕೊಳ್ಳುತ್ತವೆ. ಹಾಗೆ ಮುಚ್ಚಿಕೊಂಡಾಗ ಆಗುವ ಖುಷಿ ಏನಂತ ಹೇಳಲಿ, ಗೋಲು ಹೊಡೆದಷ್ಟೇ. ಒಂದೊಂದು ತೂತಿಗೂ ಹೀಗೆ, ಅವಸರ ಬೇಡ. ಮಧ್ಯದಲ್ಲಿ ಒಂದು ಹೊಲಿಗೆ ಸಡಿಲ ಅನಿಸಿದರೆ ಅಲ್ಲಿಯವರೆಗೆ ಬಿಚ್ಚಿ ಮತ್ತೆ ಹೊಲಿಯಿರಿ, ಮುಂದೆ ಹೋಗಿ ಸರಿಮಾಡುತ್ತೇನೆ ಅಂದರೆ ಆಗುವುದಿಲ್ಲ. ಈ ವಿಷಯದಲ್ಲಿ ನಾನು ನಮ್ಮಪ್ಪನಿಗಿಂತ ಕಡೆ, ಜೊತೆಗೆ ಕೂತವರಿಗೆ ತಲೆ ಕೆಡುತ್ತದೆ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಕೊನೆಗೆ ಎರಡು ಗಂಟು ಹಾಕಿ, ಸೂಜಿಯನ್ನು ಪಕ್ಕದ ಹೊಲಿಗೆಯ ಅಡಿಯಿಂದ ಮೂರು ಸೆಂಟಿಮೀಟರ್ ತೂರಿಸಿ ಹೊರಗೆ ತೆಗೆದು, ಬುಡಕ್ಕೆ ಕತ್ತರಿಸಿ. ಚಮಚ ಹೊರಗೆ ತೆಗೆದಿದ್ದೀರಿ ತಾನೇ? ನಾನು ಒಂದು ಸಲ ತೆಗೆದಿರಲಿಲ್ಲ.

ಚೆಂಡು ಸರಿಯಾಯಿತು ಅಂದುಕೊಳ್ಳಿ. ಮನೆಯಲ್ಲಿ ಇಂಥ ಅಪ್ಪ ಇದ್ದರೆ ಅದನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ, ಅದಕ್ಕೆ ಹೊಲಿಗೆ ಗೊತ್ತಿದ್ದರೆ ಸಾಲದು. ಅಡಗಿಸಿಡಬೇಡಿ. ಅಡಗಿಸಿಟ್ಟದ್ದು ಸಿಕ್ಕಾಗ ಬೀಳುವ ಏಟು ಚೆಂಡಿಗಲ್ಲ, ಅಡಗಿಸಿದ್ದಕ್ಕೆ. ಬಾಗಿಲ ಹಿಂದೆ ಕಾಣುವ ಹಾಗೆ ಇಡಿ, ಒರೆಸಿ ಇಡಿ. ಬಟವಾಡೆ ದಿನ ಏನನ್ನೂ ಕೇಳಬೇಡಿ. ಅವತ್ತು ಲೆಕ್ಕ ಕೂಡದಿದ್ದರೆ ಅವರ ಕಣ್ಣಿಗೆ ನೀವೇ ಆ ಕಮ್ಮಿ ಬಿದ್ದ ದುಡ್ಡು. ಅವರ ಕೆಲಸದ ಜಾಗದಲ್ಲಿ ಆಡಬೇಡಿ, ಅದನ್ನು ನಾನು ಬೇರೆ ಹೇಳಬೇಕಾಗಿಲ್ಲ. ಆಟ ಯಾಕೆ ಒಳ್ಳೆಯದು ಅಂತ ವಾದಕ್ಕೆ ಹೋದರೆ ಪ್ರಯೋಜನವಿಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿ ಸಂತೋಷ್ ಟ್ರೋಫಿ ಗೆದ್ದಾಗ ನಾನು ಫೋನ್ ಮಾಡಿ ಖುಷಿಯಿಂದ, "ಅಪ್ಪ, ಐವತ್ನಾಲ್ಕು ವರ್ಷ ಆದಮೇಲೆ ಗೆದ್ರು," ಅಂದೆ. ಆ ಕಡೆಯಿಂದ, "ಐವತ್ನಾಲ್ಕು ವರ್ಷ ಏನ್ ಮಾಡ್ತಿದ್ರಂತೆ?"

ಕತ್ತಿ ಹಾಕಿದ್ದು ಸರಿ ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಜೀಪಿನ ಮುಂದೆ ಕೈಕಟ್ಟಿ ನಿಂತಿದ್ದು ನೆನಪಾದರೆ ಪೂರ್ತಿ ತಪ್ಪು ಅಂತ ಹೇಳಲೂ ಬಾಯಿ ಬರುವುದಿಲ್ಲ.

ಗಾಳಿ ತುಂಬುವುದು ಉಳಿಯಿತು. ಹೊಲಿದ ತಕ್ಷಣ ಪೂರ್ತಿ ತುಂಬಬೇಡಿ. ಅರ್ಧ ತುಂಬಿ, ಹೊಸ ಹೊಲಿಗೆಯ ಸುತ್ತ ಒತ್ತಿ ನೋಡಿ, ಒಂದು ರಾತ್ರಿ ಬಿಡಿ, ದಾರ ಕೂತುಕೊಳ್ಳಬೇಕು. ಮಾರನೇ ದಿನ ಪೂರ್ತಿ. ಎಷ್ಟು ಅಂತ ವಾಲ್ವ್ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ಆಟದ ನಿಯಮದಲ್ಲಿ ಇರುವುದು 8.5ರಿಂದ 15.6 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಆದರೆ ಹೊಲಿದ ಚೆಂಡಿಗೆ ಎಂಟೂವರೆ, ಒಂಬತ್ತು ಸಾಕು. ಬಿಸಿಲಲ್ಲಿ ಬಿಡಬೇಡಿ, ಒಳಗಿನ ಗಾಳಿ ಹಿಗ್ಗಿ ಹೊಲಿಗೆ ಎಳೆಯುತ್ತದೆ. ಮಂಜು ಬೀಳುವ ಬೆಳಿಗ್ಗೆ ಚೆಂಡು ಮೆತ್ತಗೆ ಕಂಡರೆ ಪಂಚರ್ ಅಂತ ಗಾಬರಿಯಾಗಬೇಡಿ, ಬಿಸಿಲೇರಲಿ. ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗೆ 4ನೇ ಸೈಜು ಕೊಡಿ, ದೊಡ್ಡವರದು 410ರಿಂದ 450 ಗ್ರಾಂ ತೂಗುತ್ತದೆ, ಮಕ್ಕಳ ಪಾದಕ್ಕೆ ಅದು ಭಾರ.

ಕಳೆದ ದಸರಾ ರಜದಲ್ಲಿ ಮಗಳ 4ನೇ ಸೈಜಿನ ಚೆಂಡು ಬೇಲಿ ಮುಳ್ಳಿಗೆ ಸಿಕ್ಕಿತು. ಊರ ಮನೆಯ ಜಗಲಿಯಲ್ಲಿ ಕೂತು ಹೊಲಿದೆ. ಅಪ್ಪ ಬೆತ್ತದ ಕುರ್ಚಿಯಲ್ಲಿ ಪೇಪರ್ ಓದುತ್ತಾ ಇದ್ದರು, ಅಂದರೆ ಓದುವ ಹಾಗೆ ಹಿಡಿದಿದ್ದರು. ಮಾರನೇ ದಿನ ಗಾಳಿ ತುಂಬುವಾಗ ಎದ್ದು ಬಂದು ಕೈ ಚಾಚಿದರು. ಕೊಟ್ಟೆ. ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದರು, ಈ ತುದಿಯಿಂದ ಆ ತುದಿಗೆ, ವಾಪಸ್. ಹೊಲಿಗೆ ಬಗ್ಗೆ ಏನೂ ಅನ್ನಲಿಲ್ಲ. ಚೆಂಡನ್ನು ಎರಡು ಕೈಯಲ್ಲಿ ಅದುಮಿ, "ಗಾಳಿ ಜಾಸ್ತಿ ಆಯ್ತು, ಇಳಿಸು," ಅಂದರು.

ಗೇಜು ನೋಡಿದೆ. ಎಂಟೂವರೆ ಇತ್ತು. ಸೂಜಿ ಒದ್ದೆ ಮಾಡಿ ಹಾಕಿ ಅವರ ಎದುರಿಗೇ ಸ್ವಲ್ಪ ಗಾಳಿ ಬಿಟ್ಟೆ. ಅವರು ಒಳಗೆ ಹೋದ ಮೇಲೆ ಎರಡು ಸಲ ಪಂಪ್ ಹೊಡೆದು ಮಗಳ ಕೈಗೆ ಕೊಟ್ಟೆ.